ಮಕ್ಕಳಲ್ಲಿ ಆಸಿಡ್ ರಿಫ್ಲಕ್ಸ್ ಮಾಪನ ಸಾಧನಗಳ ತೊಡಕುಗಳು

ಜಠರದ ಆಮ್ಲ ಅನ್ನನಾಳಕ್ಕೆ ಎಷ್ಟು ಸಲ ಉಕ್ಕಿ ಬರುತ್ತದೆ, ಬಂದದ್ದು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಎಂದು ಅಳೆಯಲು ಮಕ್ಕಳ ದೇಹದೊಳಗೆ ಇಳಿಸುವ ಸಾಧನಗಳಿಂದ ಉಂಟಾಗಬಹುದಾದ ತೊಂದರೆಗಳನ್ನು ಈ ಲೇಖನ ವಿವರಿಸುತ್ತದೆ. ಇಂದು ಬಳಕೆಯಲ್ಲಿರುವ ಮುಖ್ಯ ಸಾಧನಗಳು ಮೂರು: ಮೂಗಿನಿಂದ ಇಳಿಸುವ ಪಿಎಚ್ ನಳಿಕೆ, ಪಿಎಚ್ ಜೊತೆಗೆ ವಿದ್ಯುತ್ ಪ್ರತಿರೋಧವನ್ನೂ ಅಳೆಯುವ ಇಂಪೀಡೆನ್ಸ್ ನಳಿಕೆ, ಅನ್ನನಾಳದ ಗೋಡೆಗೆ ಕಚ್ಚಿಸುವ ವೈರ್‌ಲೆಸ್ ಕ್ಯಾಪ್ಸೂಲ್. ಇವುಗಳಿಂದಾಗುವ ತೊಂದರೆಗಳಲ್ಲಿ ಹೆಚ್ಚಿನವು ಕಿರಿಕಿರಿ, ಗಂಟಲುನೋವು, ಎದೆನೋವಿನಂಥ ತಾತ್ಕಾಲಿಕ ಬಾಧೆಗಳು. ನಳಿಕೆ ಶ್ವಾಸನಾಳಕ್ಕೆ ಹೋಗುವುದು, ರಕ್ತಸ್ರಾವ, ಅನ್ನನಾಳದಲ್ಲಿ ರಂಧ್ರ ಮುಂತಾದ ಗಂಭೀರ ಅಪಾಯಗಳು ವಿರಳ. ಸಾಧನ ಸ್ಥಾನ ತಪ್ಪಿ ಅಥವಾ ದಾಖಲೆ ಕೆಟ್ಟು ತಪ್ಪು ಫಲಿತಾಂಶ ಬರುವುದನ್ನೂ ತೊಡಕುಗಳ ಸಾಲಿಗೆ ಸೇರಿಸಬೇಕು. ಆ ಫಲಿತಾಂಶವನ್ನು ನಂಬಿ ಮಗುವಿಗೆ ತಿಂಗಳುಗಟ್ಟಲೆ ಔಷಧ ಕೊಡುವ ಸಾಧ್ಯತೆ ಇರುತ್ತದೆ.

ಹಿನ್ನೆಲೆ

ಅನ್ನನಾಳದ ತಳದಲ್ಲಿರುವ ಸ್ನಾಯುಬಳೆ ಆಹಾರವನ್ನು ಜಠರಕ್ಕೆ ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ನುಂಗದಿದ್ದಾಗಲೂ ಅದು ಆಗಾಗ ಕೆಲವು ಕ್ಷಣ ಸಡಿಲಗೊಳ್ಳುವುದುಂಟು. ಆಗ ಜಠರದಲ್ಲಿರುವುದು ಮೇಲಕ್ಕೆ ಬರುತ್ತದೆ. ಹಸುಗೂಸುಗಳ ಆಹಾರ ದ್ರವರೂಪದ್ದು, ಅನ್ನನಾಳ ಗಿಡ್ಡ, ದಿನದ ಬಹುಪಾಲು ಮಲಗಿಯೇ ಇರುತ್ತವೆ. ಹೀಗಾಗಿ ಅವು ಹಾಲು ಕಕ್ಕುವುದು ಸಹಜ. ನಾಲ್ಕನೇ ತಿಂಗಳ ಸುಮಾರಿಗೆ ಇದು ಅತಿ ಹೆಚ್ಚು. 12ರಿಂದ 18 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ಕಕ್ಕಿದರೂ ತೂಕ ಏರುತ್ತಿರುವ, ಆಡಿಕೊಂಡಿರುವ ಕೂಸಿಗೆ ಯಾವ ಮಾಪನವೂ ಬೇಕಿಲ್ಲ.

ಅನ್ನನಾಳದ ಉರಿಯೂತ, ತೂಕ ಏರದಿರುವುದು, ಔಷಧಕ್ಕೆ ಬಗ್ಗದ ಎದೆಯುರಿ, ಕಾರಣ ತಿಳಿಯದ ಕೆಮ್ಮು ಮೊದಲಾದವು ಇದ್ದಾಗ ಪ್ರಶ್ನೆ ಬೇರೆಯಾಗುತ್ತದೆ. ಉತ್ತರ ಅಮೆರಿಕ ಮತ್ತು ಯುರೋಪಿನ ಮಕ್ಕಳ ಜಠರಕರುಳು ತಜ್ಞರ ಸಂಘಗಳು 2018ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿ ಪಿಎಚ್ ಮಾಪನಕ್ಕೆ ಸೀಮಿತ ಸ್ಥಾನ ಕೊಡುತ್ತದೆ. ಬಿಡದೆ ಕಾಡುವ ಲಕ್ಷಣಕ್ಕೂ ಆಮ್ಲಕ್ಕೂ ಸಂಬಂಧವಿದೆಯೇ, ಉರಿಯೂತದಲ್ಲಿ ಆಮ್ಲದ ಪಾತ್ರವೇನು, ಆಮ್ಲ ತಗ್ಗಿಸುವ ಔಷಧ ಸಾಕಷ್ಟು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದಾಗ ಅದನ್ನು ಬಳಸಬಹುದು ಎನ್ನುತ್ತದೆ.

ಅನ್ನನಾಳದ ಪಿಎಚ್ ಅಳೆಯುವ ಪರೀಕ್ಷೆಯನ್ನು 1958ರಲ್ಲಿ ಟಟ್ಲ್ ಮತ್ತು ಗ್ರಾಸ್‌ಮನ್ ವರದಿ ಮಾಡಿದರು. 1969ರಲ್ಲಿ ಸ್ಪೆನ್ಸರ್ ದೀರ್ಘಾವಧಿಯ ಮಾಪನವನ್ನು ವಿವರಿಸಿದರು. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ 24 ಗಂಟೆಗಳ ದಾಖಲೆಗೆ ಒಂದು ಕ್ರಮ ಹಾಕಿಕೊಟ್ಟರು. ಇಂಪೀಡೆನ್ಸ್ ವಿಧಾನವನ್ನು ಜರ್ಮನಿಯ ಸಿಲ್ನಿ 1991ರಲ್ಲಿ ಪ್ರಕಟಿಸಿದರು. ‘ಬ್ರಾವೊ’ ಹೆಸರಿನ ವೈರ್‌ಲೆಸ್ ಕ್ಯಾಪ್ಸೂಲ್ 2000ದ ದಶಕದ ಆರಂಭದಲ್ಲಿ ಬಳಕೆಗೆ ಬಂತು.

ಸಾಧನಗಳು ಮತ್ತು ಅವುಗಳ ಕೆಲಸ

ಪಿಎಚ್ ನಳಿಕೆಯು ಸುಮಾರು 2 ಮಿಲಿಮೀಟರ್ ದಪ್ಪದ ಮೆತ್ತನೆಯ ತಂತಿಯಂಥ ಕೊಳವೆ. ತುದಿಯಲ್ಲಿ ಆಂಟಿಮನಿ ಅಥವಾ ಗಾಜಿನ ಸಂವೇದಕವಿರುತ್ತದೆ. ಮೂಗಿನ ಹೊಳ್ಳೆಯಿಂದ ಇಳಿಸಿ, ಕೆನ್ನೆಗೆ ಟೇಪ್ ಹಾಕಿ, ಹೊರತುದಿಯನ್ನು ಸೊಂಟಕ್ಕೆ ಅಥವಾ ಮಂಚಕ್ಕೆ ಕಟ್ಟಿದ ದಾಖಲೆ ಯಂತ್ರಕ್ಕೆ ಜೋಡಿಸುತ್ತಾರೆ. ಪಿಎಚ್ 4ಕ್ಕಿಂತ ಕೆಳಗಿಳಿದರೆ ಅದನ್ನು ಆಮ್ಲದ ರಿಫ್ಲಕ್ಸ್ ಎಂದು ಎಣಿಸುತ್ತಾರೆ. ಒಟ್ಟು ಅವಧಿಯಲ್ಲಿ ಹೀಗೆ ಆಮ್ಲೀಯವಾಗಿದ್ದ ಹೊತ್ತಿನ ಶೇಕಡಾವಾರು ಪ್ರಮಾಣವೇ ‘ರಿಫ್ಲಕ್ಸ್ ಸೂಚ್ಯಂಕ’. ಮೇಲೆ ಹೇಳಿದ ಸಂಘಗಳದೇ 2009ರ ಮಾರ್ಗಸೂಚಿಯ ಪ್ರಕಾರ ಅದು 3ಕ್ಕಿಂತ ಕಡಿಮೆ ಇದ್ದರೆ ಸಹಜ, 7ಕ್ಕಿಂತ ಹೆಚ್ಚಿದ್ದರೆ ಅಸಹಜ, ನಡುವಿನದು ಅನಿಶ್ಚಿತ. ಶೇಕಡಾ 7 ಎಂದರೆ 24 ಗಂಟೆಯಲ್ಲಿ ಸುಮಾರು 1 ಗಂಟೆ 41 ನಿಮಿಷ.

ಇಂಪೀಡೆನ್ಸ್ ನಳಿಕೆಯ ಉದ್ದಕ್ಕೂ ಲೋಹದ ಉಂಗುರಗಳಿರುತ್ತವೆ. ದ್ರವ ಹಾದುಹೋದಾಗ ಉಂಗುರಗಳ ನಡುವಿನ ವಿದ್ಯುತ್ ಪ್ರತಿರೋಧ ಇಳಿಯುತ್ತದೆ, ಗಾಳಿ ಹಾದುಹೋದಾಗ ಏರುತ್ತದೆ. ಹಾಲು ಕುಡಿದ ಕೂಸಿನಲ್ಲಿ ಹಾಲೇ ಆಮ್ಲವನ್ನು ತಣಿಸಿಬಿಡುವುದರಿಂದ ಆಮ್ಲವಿಲ್ಲದ ರಿಫ್ಲಕ್ಸ್ ಪಿಎಚ್ ಸಂವೇದಕದ ಕಣ್ಣಿಗೆ ಬೀಳುವುದಿಲ್ಲ. ಇಂಪೀಡೆನ್ಸ್ ಅದನ್ನೂ ಹಿಡಿಯುತ್ತದೆ.

ವೈರ್‌ಲೆಸ್ ಕ್ಯಾಪ್ಸೂಲ್ ಸುಮಾರು 25 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ್ದು. ಎಂಡೋಸ್ಕೊಪಿ ಮಾಡಿ ಅನ್ನನಾಳ ಮತ್ತು ಜಠರದ ಒಳಪೊರೆಗಳು ಕೂಡುವ ಗೆರೆಯನ್ನು ಗುರುತಿಸುತ್ತಾರೆ. ಅದಕ್ಕಿಂತ 6 ಸೆಂಟಿಮೀಟರ್ ಮೇಲೆ ಕ್ಯಾಪ್ಸೂಲನ್ನು ಹಿಡಿದು ನಿರ್ವಾತ ಪಂಪನ್ನು ಚಾಲೂ ಮಾಡುತ್ತಾರೆ. ಸುಮಾರು 510 ಮಿಲಿಮೀಟರ್ ಪಾದರಸದಷ್ಟು ಎಳೆತದಲ್ಲಿ ಅರ್ಧದಿಂದ ಒಂದು ನಿಮಿಷದೊಳಗೆ ಒಳಪೊರೆಯ ಒಂದು ಚೂರು ಕ್ಯಾಪ್ಸೂಲಿನ ಗುಳಿಯೊಳಗೆ ಬರುತ್ತದೆ. ಸೂಜಿಯಂಥ ಪಿನ್ ಅದರ ಮೂಲಕ ಹಾಯ್ದು ಕ್ಯಾಪ್ಸೂಲನ್ನು ಅಲ್ಲಿಗೇ ಕೂರಿಸುತ್ತದೆ. ಬಳಿಕ ಇಳಿಸಿದ ಕೊಳವೆಯನ್ನು ಹೊರತೆಗೆಯುತ್ತಾರೆ. ಕ್ಯಾಪ್ಸೂಲ್ 48ರಿಂದ 96 ಗಂಟೆ ರೇಡಿಯೊ ಸಂಕೇತ ಕಳಿಸುತ್ತದೆ. ಕೆಲವು ದಿನಗಳಲ್ಲಿ ಕಳಚಿ ಮಲದೊಂದಿಗೆ ಹೊರಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿರುವುದು 4 ವರ್ಷ ಮೇಲ್ಪಟ್ಟವರಿಗೆ.

ಮೂಗಿನ ನಳಿಕೆಯ ತೊಡಕುಗಳು

ಇಳಿಸುವಾಗ ಆಗುವಂಥವು: ನಳಿಕೆ ಗಂಟಲು ದಾಟುವಾಗ ಓಕರಿಕೆ, ವಾಂತಿ, ಕಣ್ಣೀರು, ಜೋರು ಅಳು ಸಾಮಾನ್ಯ. ಮೂಗಿನ ಒಳಪೊರೆ ತರಚಿದರೆ ರಕ್ತ ಒಸರುತ್ತದೆ. ಹೆಚ್ಚಿನ ಸಲ ಕೆಲವು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ನಳಿಕೆ ಬಾಯಿಯಲ್ಲಿ ಅಥವಾ ಗಂಟಲಲ್ಲಿ ಸುರುಳಿ ಸುತ್ತಿಕೊಳ್ಳುವುದೂ ಉಂಟು. ದಾರಿ ತಪ್ಪಿ ಶ್ವಾಸನಾಳಕ್ಕೆ ಹೋದರೆ ಮಗು ಕೆಮ್ಮುತ್ತದೆ, ದನಿ ಒಡೆಯುತ್ತದೆ, ರಕ್ತದಲ್ಲಿನ ಆಮ್ಲಜನಕದ ಮಟ್ಟ ಇಳಿಯುತ್ತದೆ. ನರವ್ಯೂಹದ ತೊಂದರೆಯಿಂದ ಕೆಮ್ಮಿನ ಪ್ರತಿವರ್ತನೆ ಕುಂದಿರುವ ಮಕ್ಕಳು ಕೆಮ್ಮದೇ ಇರಬಹುದು. ಇಂಥವರಲ್ಲಿ ಮಗು ಸುಮ್ಮನಿದೆ ಎಂಬುದನ್ನೇ ನಳಿಕೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. ಎಕ್ಸ್‌ರೇ ನೋಡಿಯೇ ದೃಢಪಡಿಸಿಕೊಳ್ಳಬೇಕು.

ದಿನ ತುಂಬುವ ಮುನ್ನ ಹುಟ್ಟಿದ ಕೂಸುಗಳಲ್ಲಿ ಗಂಟಲು ಮತ್ತು ಅನ್ನನಾಳದ ಪ್ರಚೋದನೆಯಿಂದ ವೇಗಸ್ ನರ ಕೆರಳಿ ಹೃದಯ ಬಡಿತ ನಿಧಾನವಾಗಬಹುದು, ಉಸಿರು ಕೆಲವು ಕ್ಷಣ ನಿಲ್ಲಬಹುದು. ನವಜಾತ ಶಿಶುಗಳು ಬಹುಮಟ್ಟಿಗೆ ಮೂಗಿನಿಂದಲೇ ಉಸಿರಾಡುವುದರಿಂದ ಒಂದು ಹೊಳ್ಳೆಯಲ್ಲಿ ನಳಿಕೆ ಕೂತರೂ ಉಸಿರಾಟ ತ್ರಾಸವಾಗುತ್ತದೆ; ನೆಗಡಿ ಇದ್ದರೆ ಇನ್ನೂ ಹೆಚ್ಚು. ನೋವು ತಗ್ಗಿಸಲು ಹಚ್ಚುವ ಮರಗಟ್ಟಿಸುವ ಮದ್ದಿನಲ್ಲೂ ಅಪಾಯವಿದೆ. ಬೆಂಜೊಕೇನ್ ಎಳೆಯ ಮಕ್ಕಳಲ್ಲಿ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುವ ಮೆಥಿಮೋಗ್ಲೋಬಿನೀಮಿಯಾ ಉಂಟುಮಾಡಬಲ್ಲದು. ಲಿಡೊಕೇನ್ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಲೆಕ್ಕಹಾಕಿಯೇ ಕೊಡಬೇಕು. ನಳಿಕೆಯಿಂದ ಅನ್ನನಾಳದಲ್ಲಿ ರಂಧ್ರವಾಗುವುದು ಅತಿ ವಿರಳ. ಆದರೂ ಬಹಳ ಎಳೆಯ, ಕಡಿಮೆ ತೂಕದ ಶಿಶುಗಳಲ್ಲಿ ಯಾವುದೇ ಕೊಳವೆ ಇಳಿಸುವಾಗ ಆ ಅಪಾಯವನ್ನು ಲೆಕ್ಕಕ್ಕೆ ಹಿಡಿಯಬೇಕು. ತಡೆ ಸಿಕ್ಕಲ್ಲಿ ಬಲ ಹಾಕಬಾರದೆಂಬ ನಿಯಮ ಬಂದಿರುವುದು ಇದಕ್ಕಾಗಿಯೇ.

ಇಟ್ಟುಕೊಂಡಿರುವಾಗ ಆಗುವಂಥವು: ಗಂಟಲುನೋವು, ಮೂಗು ಸೋರುವುದು, ನುಂಗಲು ಕಿರಿಕಿರಿ, ಸೀನು, ನಿದ್ದೆಗೇಡು. ಟೇಪ್ ಹಾಕಿದ ಕೆನ್ನೆ ಕೆಂಪಾಗುತ್ತದೆ. ಕೆಲವು ಮಾದರಿಗಳಲ್ಲಿ ಎದೆಗೆ ಅಂಟಿಸುವ ಹೊರ ಎಲೆಕ್ಟ್ರೋಡಿನ ಜಾಗದಲ್ಲೂ ಗುಳ್ಳೆ ಏಳುವುದುಂಟು. ಎಳೆಯ ಮಕ್ಕಳಲ್ಲಿ ತೀರಾ ಸಾಮಾನ್ಯವಾದ ತೊಡಕು ಬೇರೆಯೇ: ಮಗುವೇ ನಳಿಕೆಯನ್ನು ಕಿತ್ತುಹಾಕುವುದು. ಕಿತ್ತ ಮೇಲೆ ಮತ್ತೆ ಇಳಿಸಬೇಕು, ಮತ್ತೆ ಎಕ್ಸ್‌ರೇ ತೆಗೆಯಬೇಕು.

ಶಾಲೆಗೆ ಹೋಗುವ ಮಕ್ಕಳು ಮೂಗಿನಲ್ಲಿ ತಂತಿ ಇಟ್ಟುಕೊಂಡು ಹೊರಗೆ ಹೋಗಲು ಒಪ್ಪುವುದಿಲ್ಲ. ಆಟ ಬಿಡುತ್ತಾರೆ, ಸರಿಯಾಗಿ ಉಣ್ಣುವುದಿಲ್ಲ, ಒಂದೆಡೆ ಕುಳಿತಿರುತ್ತಾರೆ. ರಿಫ್ಲಕ್ಸ್ ಆಗುವುದೇ ಉಂಡ ಬಳಿಕ, ಬಗ್ಗಿದಾಗ, ಓಡಾಡಿದಾಗ. ಹೀಗಾಗಿ ಆ ದಿನದ ದಾಖಲೆ ಮಗುವಿನ ನಿಜವಾದ ದಿನಚರಿಯನ್ನು ತೋರಿಸದೆ, ಇರುವ ರೋಗವನ್ನು ಮರೆಮಾಚಬಹುದು.

ಸ್ಥಾನ ತಪ್ಪುವುದು

ನಳಿಕೆಯ ತುದಿ ಎಲ್ಲಿ ಕೂರಬೇಕು ಎಂಬುದಕ್ಕೆ 1979ರಲ್ಲಿ ಸ್ಟ್ರೋಬೆಲ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮಗುವಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು 0.252ರಿಂದ ಗುಣಿಸಿ 5 ಕೂಡಿಸಿದರೆ ಮೂಗಿನಿಂದ ಅನ್ನನಾಳದ ತಳದ ಸ್ನಾಯುಬಳೆಯವರೆಗಿನ ದೂರ ಸಿಗುತ್ತದೆ. ತುದಿಯನ್ನು ಆ ದೂರದ ಶೇಕಡಾ 87ರಲ್ಲಿ ನಿಲ್ಲಿಸಬೇಕು. 60 ಸೆಂಟಿಮೀಟರ್ ಉದ್ದದ ಕೂಸಿಗೆ ಲೆಕ್ಕ ಹೀಗೆ: 60 × 0.252 = 15.12, 5 ಕೂಡಿಸಿದರೆ 20.12, ಅದರ ಶೇಕಡಾ 87 ಎಂದರೆ 17.5 ಸೆಂಟಿಮೀಟರ್. ಸ್ನಾಯುಬಳೆಗೂ ಸಂವೇದಕಕ್ಕೂ ನಡುವೆ ಉಳಿಯುವುದು ಎರಡೂವರೆ ಸೆಂಟಿಮೀಟರ್ ಮಾತ್ರ. ಮಗು ಕತ್ತು ಬಗ್ಗಿಸಿದರೆ ತುದಿ ಕೆಳಗೆ ಜಾರುತ್ತದೆ, ಎತ್ತಿದರೆ ಮೇಲೆ ಬರುತ್ತದೆ. ಟೇಪ್ ಸ್ವಲ್ಪ ಸಡಿಲವಾದರೂ ಆ ಅಂತರ ಉಳಿಯದು.

ಎತ್ತರದ ಮಕ್ಕಳಲ್ಲಿ ಈ ಸೂತ್ರ ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಆದ್ದರಿಂದ ಸೂತ್ರದಿಂದ ಅಂದಾಜು ಮಾಡಿ, ಎಕ್ಸ್‌ರೇಯಿಂದ ಖಚಿತಪಡಿಸಿಕೊಳ್ಳುವುದು ವಾಡಿಕೆ. ವಪೆಯಿಂದ ಮೇಲಕ್ಕೆ ಎಣಿಸಿದರೆ ಮೂರನೆಯ ಕಶೇರುಕದ ಮಟ್ಟದಲ್ಲಿ ತುದಿ ಕಾಣಬೇಕು.

ಸ್ಥಾನ ತಪ್ಪಿದ್ದು ದಾಖಲೆಯಲ್ಲೇ ಕೆಲವೊಮ್ಮೆ ಗೊತ್ತಾಗುತ್ತದೆ. ಪಿಎಚ್ ಗಂಟೆಗಟ್ಟಲೆ ಒಂದೇ ಸಮನೆ 2ರ ಆಸುಪಾಸಿನಲ್ಲಿ ನಿಂತಿದ್ದರೆ ತುದಿ ಜಠರಕ್ಕೆ ಜಾರಿದೆ ಎಂದು ಅನುಮಾನಿಸಬೇಕು. ಅದನ್ನು ಗಮನಿಸದೆ ಲೆಕ್ಕ ಹಾಕಿದರೆ ಸೂಚ್ಯಂಕ ವಿಪರೀತ ಏರಿ, ಆರೋಗ್ಯವಂತ ಮಗು ತೀವ್ರ ರೋಗಿಯಾಗಿ ಕಾಣುತ್ತದೆ. ತುದಿ ಮೇಲಕ್ಕೆ ಬಂದರೆ ಇದರ ತಿರುಗುಮುರುಗು: ರೋಗವಿದ್ದರೂ ದಾಖಲೆ ಸಹಜವಾಗಿರುತ್ತದೆ.

ವೈರ್‌ಲೆಸ್ ಕ್ಯಾಪ್ಸೂಲಿನ ತೊಡಕುಗಳು

ಮೂಗಿನಲ್ಲಿ ತಂತಿ ಇರದ ಕಾರಣ ಮಕ್ಕಳು ಇದನ್ನು ಸುಲಭವಾಗಿ ಒಪ್ಪುತ್ತಾರೆ. ಶಾಲೆ, ಊಟ, ಆಟ ಹೆಚ್ಚು ಬದಲಾಗುವುದಿಲ್ಲ. ಆದರೆ ಎಂಡೋಸ್ಕೊಪಿ ಬೇಕು, ಮಕ್ಕಳಲ್ಲಿ ಅದಕ್ಕೆ ಸಾಮಾನ್ಯವಾಗಿ ಅರಿವಳಿಕೆ ಬೇಕು. ಅರಿವಳಿಕೆಯ ಅಪಾಯಗಳೂ ಹೀಗೆ ಈ ತನಿಖೆಯ ಪಟ್ಟಿಗೆ ಸೇರುತ್ತವೆ.

ಅತಿ ಸಾಮಾನ್ಯ ದೂರು ಎದೆನೋವು. ಎದೆಯಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುವುದು, ಚಪಾತಿಯಂಥ ಗಟ್ಟಿ ಆಹಾರ ನುಂಗುವಾಗ ನೋಯುವುದು ಇದರ ಜೊತೆಗೇ ಬರುತ್ತವೆ. ಪಿನ್ ಒಳಪೊರೆಯನ್ನು ಚುಚ್ಚಿರುವುದರಿಂದ, ಅನ್ನನಾಳ ಸಂಕುಚಿಸಿದಾಗಲೆಲ್ಲ ಕ್ಯಾಪ್ಸೂಲ್ ಒಳಪೊರೆಯನ್ನು ಎಳೆಯುತ್ತದೆ. ಹೆಚ್ಚಿನ ಮಕ್ಕಳಿಗೆ ಸಾಮಾನ್ಯ ನೋವುಶಾಮಕ ಸಾಕು. ನೋವು ತಾಳಲಾರದಷ್ಟಿದ್ದರೆ ಮತ್ತೆ ಎಂಡೋಸ್ಕೊಪಿ ಮಾಡಿ ಕ್ಯಾಪ್ಸೂಲನ್ನು ತೆಗೆಯಬೇಕಾಗುತ್ತದೆ; ಎಂದರೆ ಎರಡನೇ ಸಲ ಅರಿವಳಿಕೆ.

ತಾಂತ್ರಿಕ ವೈಫಲ್ಯಗಳೂ ಇವೆ. ಕ್ಯಾಪ್ಸೂಲ್ ಗೋಡೆಗೆ ಕಚ್ಚಿಕೊಳ್ಳದೆ ಜಠರಕ್ಕೆ ಬೀಳಬಹುದು. ಕಚ್ಚಿಕೊಂಡರೂ ಇಳಿಸಿದ ಕೊಳವೆಯಿಂದ ಬೇರ್ಪಡದಿರಬಹುದು. ಆಗ ಬಲವಾಗಿ ಎಳೆದರೆ ಒಳಪೊರೆ ಹರಿಯುತ್ತದೆ. ದಾಖಲೆ ಮುಗಿಯುವ ಮೊದಲೇ ಕಳಚಿಕೊಳ್ಳಬಹುದು. ಹಾಗಾದಾಗ ಪಿಎಚ್ ಥಟ್ಟನೆ ಜಠರದ ಮಟ್ಟಕ್ಕೆ ಇಳಿದು, ಕ್ಯಾಪ್ಸೂಲ್ ಕರುಳಿಗೆ ಜಾರಿದ ಮೇಲೆ ಏರುತ್ತದೆ. ಆ ಭಾಗವನ್ನು ಲೆಕ್ಕದಿಂದ ತೆಗೆಯದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ದಾಖಲೆ ಯಂತ್ರ ಮಗುವಿನಿಂದ ಸುಮಾರು ಒಂದು ಮೀಟರಿನೊಳಗೆ ಇರಬೇಕು. ಅದನ್ನು ಶಾಲೆಯ ಬ್ಯಾಗಿನಲ್ಲಿಟ್ಟು ಮಗು ಆಟಕ್ಕೆ ಹೋದರೆ ಅಷ್ಟು ಹೊತ್ತಿನ ಮಾಹಿತಿ ಸಿಗುವುದಿಲ್ಲ.

ರಕ್ತಸ್ರಾವ, ಒಳಪೊರೆ ಹರಿಯುವುದು, ಅನ್ನನಾಳದಲ್ಲಿ ರಂಧ್ರ, ಕ್ಯಾಪ್ಸೂಲ್ ಉಸಿರಿನ ದಾರಿಗೆ ಬೀಳುವುದು ವಿರಳವಾದರೂ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿವೆ. ಕ್ಯಾಪ್ಸೂಲ್ ತಾನಾಗಿ ಕಳಚದೆ ವಾರಗಟ್ಟಲೆ ಉಳಿಯುವುದು, ಕರುಳು ಕಿರಿದಾಗಿರುವವರಲ್ಲಿ ನಡುವೆ ಸಿಕ್ಕಿಕೊಳ್ಳುವುದು ಕೂಡ ಸಾಧ್ಯ. ಕ್ಯಾಪ್ಸೂಲ್ ಹಾಕಿದ ಮೇಲೆ 30 ದಿನ ಎಂಆರ್‌ಐ ಮಾಡಿಸಬಾರದು. ಈ ಮಾತನ್ನು ಬಿಡುಗಡೆ ಚೀಟಿಯಲ್ಲಿ ಬರೆದುಕೊಡಬೇಕು. ಅಪಘಾತವಾಗಿ ಬೇರೆ ಆಸ್ಪತ್ರೆಗೆ ಹೋದ ಮಗುವಿನ ವೈದ್ಯರಿಗೆ ಅದು ಇನ್ನಾವ ದಾರಿಯಿಂದಲೂ ತಿಳಿಯುವುದಿಲ್ಲ.

ಹೆಚ್ಚಿನ ಎಚ್ಚರ ಬೇಕಾದ ಮಕ್ಕಳು

ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವ ಅಥವಾ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವ ಮಕ್ಕಳು, ಅನ್ನನಾಳದ ರಕ್ತನಾಳಗಳು ಉಬ್ಬಿರುವವರು, ಅನ್ನನಾಳ ಕಿರಿದಾಗಿರುವವರು, ತೀವ್ರ ಉರಿಯೂತವಿರುವವರು, ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಕ್ಯಾಪ್ಸೂಲ್ ಸಲ್ಲದು. ಹುಟ್ಟಿನಿಂದಲೇ ಮೂಗಿನ ಹಿಂಬಾಗಿಲು ಮುಚ್ಚಿರುವವರು, ತಲೆಬುರುಡೆಯ ತಳಕ್ಕೆ ಪೆಟ್ಟಾದವರು, ಮುಖದ ಶಸ್ತ್ರಚಿಕಿತ್ಸೆ ಆದವರಿಗೆ ಮೂಗಿನ ನಳಿಕೆ ಅಪಾಯಕಾರಿ. ಚರ್ಮ ಮತ್ತು ಒಳಪೊರೆ ಮುಟ್ಟಿದರೆ ಗುಳ್ಳೆಯೇಳುವ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಾಧನವಿರಲಿ, ಟೇಪ್ ಕೂಡ ಗಾಯ ಮಾಡುತ್ತದೆ.

ಅನ್ನನಾಳ ಪೂರ್ತಿ ಬೆಳೆಯದೆ ಹುಟ್ಟಿ, ಶಸ್ತ್ರಚಿಕಿತ್ಸೆಯಿಂದ ಕೂಡಿಸಿಕೊಂಡ ಮಕ್ಕಳ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಇವರಲ್ಲಿ ರಿಫ್ಲಕ್ಸ್ ಬಹಳ ಸಾಮಾನ್ಯ. ಆಮ್ಲ ತಗ್ಗಿಸುವ ಔಷಧ ನಿಲ್ಲಿಸುವಾಗಲೂ ಮುಂದಿನ ವರ್ಷಗಳಲ್ಲೂ ಮಾಪನ ಅಥವಾ ಎಂಡೋಸ್ಕೊಪಿ ಮಾಡಬೇಕೆಂದು 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ಕೂಡಿಸಿದ ಜಾಗ ಕಿರಿದಾಗಿರುವ ಸಂಭವವೂ ಇವರಲ್ಲೇ ಹೆಚ್ಚು. ತನಿಖೆ ಹೆಚ್ಚು ಬೇಕಾದವರಿಗೇ ಅದರ ಅಪಾಯವೂ ಹೆಚ್ಚಿರುವುದರಿಂದ, ನಳಿಕೆ ಇಳಿಸುವ ಮುನ್ನ ಅನ್ನನಾಳದ ಈಗಿನ ಸ್ಥಿತಿಯನ್ನು ತಿಳಿದುಕೊಳ್ಳುವುದು ಅಗತ್ಯ.

ದಾಖಲೆಯನ್ನು ತಪ್ಪಾಗಿ ಓದುವುದು

ಸಂವೇದಕವನ್ನು ಗೊತ್ತಿರುವ ಪಿಎಚ್‌ನ ದ್ರಾವಣಗಳಲ್ಲಿ ಅದ್ದಿ ಸರಿಹೊಂದಿಸಿಕೊಳ್ಳದಿದ್ದರೆ ಮೊದಲಿನಿಂದಲೇ ಅಂಕಿ ತಪ್ಪುತ್ತದೆ. ಆಂಟಿಮನಿ ಸಂವೇದಕದ ಅಳತೆ ದೀರ್ಘ ದಾಖಲೆಯಲ್ಲಿ ನಿಧಾನವಾಗಿ ಸರಿದುಹೋಗುವುದೂ ಇದೆ. ಒಮ್ಮೆ ಬಳಸಲೆಂದು ತಯಾರಾದ ನಳಿಕೆಯನ್ನು ಮರುಬಳಕೆ ಮಾಡಿದರೆ ಸೋಂಕಿನ ಭಯದ ಜೊತೆಗೆ ಅಳತೆಯೂ ಕೆಡುತ್ತದೆ.

ಉಣಿಸು ಇನ್ನೊಂದು ಕಾರಣ. ನಿಂಬೆ ಪಾನಕ, ಕೋಲಾ, ಹುಣಸೆಹುಳಿ ಮುಂದಾದ ಸಾರು ನುಂಗುವಾಗ ಅನ್ನನಾಳದ ಪಿಎಚ್ ಇಳಿಯುತ್ತದೆ. ಯಂತ್ರಕ್ಕೆ ಅದು ಮೇಲಿನಿಂದ ಬಂದ ಹುಳಿಯೋ ಕೆಳಗಿನಿಂದ ಬಂದ ಆಮ್ಲವೋ ತಿಳಿಯದು. ಅದಕ್ಕೇ ಊಟದ ಹೊತ್ತನ್ನು ಗುರುತಿಸಿ ಲೆಕ್ಕದಿಂದ ಬಿಡುತ್ತಾರೆ. ಇನ್ನೊಂದೆಡೆ, ನಮ್ಮ ಮನೆಗಳಲ್ಲಿ ಹಸುಗೂಸಿಗೆ ಕುಡಿಸುವ ಗ್ರೈಪ್ ವಾಟರಿನ ಹಲವು ಮಾದರಿಗಳಲ್ಲಿ ಸೋಡಿಯಂ ಬೈಕಾರ್ಬನೇಟ್ ಇರುತ್ತದೆ. ತಾಯಂದಿರು ಅದನ್ನು ಔಷಧವೆಂದು ಎಣಿಸುವುದಿಲ್ಲ, ಹಾಗಾಗಿ ಕೇಳದೆ ಹೇಳುವುದೂ ಇಲ್ಲ. ಅದು ಆಮ್ಲವನ್ನು ತಣಿಸುವುದರಿಂದ ತನಿಖೆಗೆ ಮುನ್ನ ವಿಚಾರಿಸಲೇಬೇಕು. ಆಮ್ಲ ಉತ್ಪತ್ತಿ ತಡೆಯುವ ಒಮೆಪ್ರಜೋಲ್ ಬಗೆಯ ಔಷಧಗಳನ್ನು, ಅವುಗಳ ಪರಿಣಾಮವನ್ನೇ ಅಳೆಯುವ ಉದ್ದೇಶವಿಲ್ಲದಿದ್ದರೆ, ಸಾಮಾನ್ಯವಾಗಿ 7 ದಿನ ಮೊದಲೇ ವೈದ್ಯರ ಸಲಹೆಯಂತೆ ನಿಲ್ಲಿಸುತ್ತಾರೆ.

ಇಂಪೀಡೆನ್ಸ್ ದಾಖಲೆಯ ಮುಖ್ಯ ತೊಡಕು ಹೋಲಿಕೆಯದು. ತೊಂದರೆಯಿಲ್ಲದ ಮಕ್ಕಳಿಗೆ ನಳಿಕೆ ಹಾಕಿ ಸಹಜ ಮಟ್ಟ ಯಾವುದೆಂದು ಅಳೆಯುವುದು ನೈತಿಕವಾಗಿ ಕಷ್ಟ. ಆದ್ದರಿಂದ ಒಂದು ವರ್ಷದೊಳಗಿನವರಲ್ಲಿ ದಿನಕ್ಕೆ 100ಕ್ಕಿಂತ, ಅದಕ್ಕಿಂತ ದೊಡ್ಡವರಲ್ಲಿ 70ಕ್ಕಿಂತ ಹೆಚ್ಚು ರಿಫ್ಲಕ್ಸ್ ಅಸಹಜ ಎಂಬಂಥ ಮಿತಿಗಳನ್ನು ತಜ್ಞರ ಒಮ್ಮತದಿಂದ ಬಳಸಲಾಗುತ್ತಿದೆ. ಇವುಗಳ ಆಧಾರದ ಮೇಲೆ ಮಾತ್ರ ದೀರ್ಘಕಾಲದ ಔಷಧ ಅಥವಾ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ತರವಲ್ಲ. ಆಮ್ಲ ತಗ್ಗಿಸುವ ಔಷಧಗಳನ್ನು ತೆಗೆದುಕೊಳ್ಳುವ ಮಕ್ಕಳಲ್ಲಿ ಕರುಳು ಮತ್ತು ಶ್ವಾಸಕೋಶದ ಸೋಂಕು ಹೆಚ್ಚು ಕಂಡುಬಂದಿದೆ.

ತಡೆ ಮತ್ತು ಆರೈಕೆ

ನಳಿಕೆ ಇಳಿಸುವ ಮುನ್ನ ಮಗುವಿನ ಹೊಟ್ಟೆ ಖಾಲಿಯಿರಬೇಕು; ಎಷ್ಟು ಗಂಟೆ ಎಂಬುದು ವಯಸ್ಸಿನ ಮೇಲೆ ನಿಂತಿದೆ. ನೆಗಡಿ, ಜ್ವರ ಇದ್ದರೆ ಮುಂದೂಡುವುದು ಒಳ್ಳೆಯದು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯುವುದು, ದೊಡ್ಡ ಮಕ್ಕಳಿಗೆ ಏನು ನಡೆಯುತ್ತದೆಂದು ಮೊದಲೇ ತಿಳಿಸುವುದು, ನುಂಗಲು ನೀರು ಕೊಡುತ್ತಾ ಇಳಿಸುವುದು ಓಕರಿಕೆಯನ್ನು ಕಡಿಮೆ ಮಾಡುತ್ತವೆ. ನಳಿಕೆಯನ್ನು ಕಿವಿಯ ಹಿಂದಿನಿಂದ ಹಾಯಿಸಿ, ಅಂಗಿಯ ಒಳಗೆ ಬೆನ್ನಿನ ಕಡೆಗೆ ಇಳಿಬಿಟ್ಟರೆ ಕೈಗೆ ಸಿಗುವುದಿಲ್ಲ. ಕತ್ತಿಗೆ ಸುತ್ತಿಕೊಳ್ಳುವ ಭಯವೂ ಇರುವುದಿಲ್ಲ. ಕೂಸುಗಳ ಕೈಗೆ ಬಟ್ಟೆಯ ಚೀಲ ತೊಡಿಸುತ್ತಾರೆ. ಅವಧಿಗೆ ಮುನ್ನ ಹುಟ್ಟಿದವರಿಗೆ ಹೃದಯ ಬಡಿತ ಮತ್ತು ಆಮ್ಲಜನಕ ಮಟ್ಟದ ನಿಗಾ ಇರಬೇಕು.

ಮೂಗಿನ ಹತ್ತಿರ ನಳಿಕೆಯ ಮೇಲೆ ಪೆನ್ನಿನಿಂದ ಗುರುತು ಮಾಡಿಟ್ಟರೆ ಅದು ಜಾರಿದ್ದು ತಂದೆತಾಯಿಗೂ ತಿಳಿಯುತ್ತದೆ. ಜಾರಿದ್ದನ್ನು ಮನೆಯವರೇ ಒಳಗೆ ತಳ್ಳಬಾರದು. ಊಟ, ನಿದ್ದೆ, ಅಳು, ಕೆಮ್ಮು, ಕಕ್ಕಿದ್ದು ಎಲ್ಲವನ್ನೂ ಗಂಟೆ ನಿಮಿಷದ ಸಮೇತ ಬರೆದಿಡಬೇಕು. ಆ ಬರಹವಿಲ್ಲದಿದ್ದರೆ ಲಕ್ಷಣಕ್ಕೂ ರಿಫ್ಲಕ್ಸಿಗೂ ತಾಳೆ ಹಾಕಲು ಆಗುವುದಿಲ್ಲ, ತನಿಖೆಯ ಅರ್ಧ ಪ್ರಯೋಜನ ಕಳೆದುಹೋಗುತ್ತದೆ.

ಉಸಿರಾಟದ ತೊಂದರೆ, ನಿಲ್ಲದ ಕೆಮ್ಮು, ರಕ್ತವಾಂತಿ, ಕಪ್ಪು ಮಲ, ಜ್ವರದೊಂದಿಗೆ ಎದೆನೋವು, ಕತ್ತಿನ ಚರ್ಮದಡಿ ಗಾಳಿ ತುಂಬಿ ಒತ್ತಿದರೆ ಚರಚರ ಎನ್ನುವ ಊತ, ನೀರೂ ನುಂಗಲಾಗದಿರುವುದು ಅಪಾಯದ ಸೂಚನೆಗಳು. ಇವುಗಳಲ್ಲಿ ಯಾವುದೊಂದು ಕಂಡರೂ ದಾಖಲೆ ಮುಗಿಯುವುದನ್ನು ಕಾಯದೆ ಆಸ್ಪತ್ರೆಗೆ ಮರಳಬೇಕು.

ಒಟ್ಟು ನೋಟ

ಮೂರೂ ಸಾಧನಗಳು, ಸರಿಯಾದ ಮಗುವಿಗೆ ಸರಿಯಾದ ಕೈಯಿಂದ ಬಳಕೆಯಾದಾಗ, ಸುರಕ್ಷಿತವೆಂದೇ ಪರಿಗಣಿತವಾಗಿವೆ. ಕೂಸುಗಳಿಗೂ ಎಳೆಯ ಮಕ್ಕಳಿಗೂ ನಳಿಕೆ ಹೊಂದುತ್ತದೆ. ಬೇರೆ ಕಾರಣಕ್ಕೆ ಎಂಡೋಸ್ಕೊಪಿ ಹೇಗೂ ಬೇಕಾಗಿರುವ, ನಳಿಕೆ ಒಪ್ಪದ ದೊಡ್ಡ ಮಕ್ಕಳಿಗೆ ಕ್ಯಾಪ್ಸೂಲ್ ಸರಿಹೋಗುತ್ತದೆ. ಗಂಭೀರ ಗಾಯಕ್ಕಿಂತ ಕೆಟ್ಟ ದಾಖಲೆಯ ಮೇಲೆ ನಿಂತ ಚಿಕಿತ್ಸೆಯೇ ಈ ಕ್ಷೇತ್ರದ ಹೆಚ್ಚು ಸಾಮಾನ್ಯ ಹಾನಿ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ ಎಂದಾದರೆ ಆ ಮಗುವಿಗೆ ಯಾವ ಸಾಧನವನ್ನೂ ಇಳಿಸಬಾರದು.